ಕೊಟ್ಟಿಗೆಯ ಅಳತೆಯಲ್ಲಿ ಕಟ್ಟಿದ ಮನೆ: ಸೂರು ತಪ್ಪಿದ್ದು, ಸರಿ ಮಾಡಿದ್ದು

ನಮ್ಮದು ಹೊಸನಗರ ತಾಲ್ಲೂಕು. ಹಳೇ ದನದ ಕೊಟ್ಟಿಗೆ ಇದ್ದ ಜಾಗದಲ್ಲಿ ಅದೇ ಆಕಾರದ ಮನೆ ಕಟ್ಟಿದ್ದೇವೆ. ಉದ್ದಕ್ಕೆ ಒಂದೇ ಮಾಡು (ಛಾವಣಿ), ಕೆಂಪುಕಲ್ಲಿನ ಗೋಡೆ, ಮಂಗಳೂರು ಹಂಚು, ಒಳಗೆ ಅಟ್ಟ. ಒಳಗಿನ ಅನುಕೂಲ ಮಾತ್ರ ಈಗಿನ ಕಾಲದ್ದು. 2022ರ ಅಕ್ಟೋಬರಿನಲ್ಲಿ ಟೇಪು ಹಿಡಿದು ಶುರು ಮಾಡಿದ್ದು, ಕೆಲಸ ಮುಗೀತು ಅಂತ ಸಮಾಧಾನ ಆದದ್ದು 2025ರ ಜುಲೈನಲ್ಲಿ. ಮಧ್ಯದಲ್ಲಿ ಒಂದು ದೊಡ್ಡ ತಪ್ಪು ಮಾಡಿದೆವು. ಅದನ್ನು ಸರಿ ಮಾಡಲು 69,182 ರೂಪಾಯಿ ಮತ್ತು ಒಂದು ಚಳಿಗಾಲ ಹೋಯಿತು. ಹಳೇ ಕಟ್ಟಡ ನೋಡಿ ಹೊಸ ಮನೆ ಕಟ್ಟಬೇಕು ಅಂತ ಇರುವವರಿಗೆ ಉಪಯೋಗ ಆಗಲಿ ಅಂತ ಎಲ್ಲಾ ಬರೆಯುತ್ತಿದ್ದೇನೆ. ಲೆಕ್ಕದ ಪುಸ್ತಕ ನಾನೇ ಇಟ್ಟದ್ದು, ಅಳತೆ ದುಡ್ಡು ಎಲ್ಲಾ ಅದರಿಂದ ತೆಗೆದದ್ದು.

1. ಅಳತೆ (ಅಕ್ಟೋಬರ್ 2022)

ಹಿಸ್ಸೆಯಲ್ಲಿ ದೊಡ್ಡ ಮನೆ ಭಾವನವರಿಗೆ ಹೋಯಿತು. ಕೊಟ್ಟಿಗೆ ಮತ್ತು ಅದರ ಹಿಂದಿನ ಜಾಗ ನಮಗೆ ಬಂತು. ಮೊದಲು ಹದಿನಾಲ್ಕು ದನ ಇದ್ದವಂತೆ. ಈಗ ಎರಡು, ಅವಕ್ಕೆ ಬೇರೆ ಸಣ್ಣ ಕೊಟ್ಟಿಗೆ ಇದೆ. ಹಳೇದು ಒಂಬತ್ತು ವರ್ಷದಿಂದ ಖಾಲಿ ಬಿದ್ದಿತ್ತು.

ನನಗೆ ಆ ಕೊಟ್ಟಿಗೆ ಮೊದಲಿಂದಲೂ ಇಷ್ಟ. ಏಪ್ರಿಲ್ ಮಧ್ಯಾಹ್ನ ಹುಲ್ಲು ತೆಗೆಯಲು ಹೋದರೆ ಹೊರಗೆ ಬರಲು ಮನಸ್ಸೇ ಆಗುತ್ತಿರಲಿಲ್ಲ, ಅಷ್ಟು ತಣ್ಣಗೆ. ಗೋಡೆ ನಾಲ್ಕೇ ಅಡಿ, ಅದರ ಮೇಲೆ ಗಳ ಕಟ್ಟಿ ಬಿಟ್ಟಿದ್ದರು. ಎರಡು ತುದಿಯಲ್ಲಿ ಮಾಡಿನ ಕೆಳಗಿನ ಮುಕ್ಕೋನದಲ್ಲಿ ಎರಡೆರಡು ಬೆರಳು ಸಂದು ಬಿಟ್ಟು ಮರದ ಪಟ್ಟಿ ಹೊಡೆದಿದ್ದರು. ಬಿಸಿಗಾಳಿ ಅಲ್ಲಿಂದ ಹೊರಗೆ ಹೋಗುತ್ತಿತ್ತು. ಇರಚಲು ತಡೆಯಲು ಅಡಿಕೆ ಸೋಗೆಯ ತಟ್ಟಿ ಕಟ್ಟುವ ಗೂಟಗಳು ಪಶ್ಚಿಮದ ಕಡೆ ಹಾಗೇ ಇದ್ದವು.

ಅಳೆದದ್ದು: ಉದ್ದ 42 ಅಡಿ, ಅಗಲ 18 ಅಡಿ. ಆರು ಅಡಿಗೆ ಒಂದು ಕಂಬ, ಎರಡು ಸಾಲು, ಒಟ್ಟು 16 ಕಂಬ. ಸುತ್ತಲಿನ ತೊಲೆ ನೆಲದಿಂದ 7 ಅಡಿ. ಮಾಡಿನ ನೆತ್ತಿ 13 ಅಡಿ 4 ಇಂಚು. ಅಂದರೆ 9 ಅಡಿ ಅಡ್ಡಕ್ಕೆ 6 ಅಡಿ 4 ಇಂಚು ಏರಿಕೆ, ಸುಮಾರು 35 ಡಿಗ್ರಿ ಇಳಿಜಾರು. ಸೂರು, ಅಂದರೆ ಮಾಡಿನ ಹೊರಚಾಚಿದ ಅಂಚು, ಗೋಡೆಯಿಂದ ಹೊರಗೆ 15 ಇಂಚು.

ತಪ್ಪು ಇರುವುದು ಆ ಕೊನೆಯ ಅಳತೆಯಲ್ಲೇ. ಆ ದಿನ ಅದು ಗೊತ್ತಾಗಲಿಲ್ಲ.

2. ನಕ್ಷೆ (ನವೆಂಬರ್ 2022)

ಪೇಟೆಯ ಇಂಜಿನಿಯರ್ ಒಬ್ಬರು ಮೊದಲು ಕೊಟ್ಟ ನಕ್ಷೆಯಲ್ಲಿ ಆರ್‌ಸಿಸಿ ಸ್ಲ್ಯಾಬ್ ಹಾಕಿ ಅದರ ಮೇಲೆ ಹಂಚು ಅಂಟಿಸುವುದು ಇತ್ತು. ಬೇಡ ಅಂದೆವು. ಹಂಚಿನ ಸಂದಿಯಲ್ಲಿ ಗಾಳಿ ಆಡಬೇಕು, ಒಂದು ಒಡೆದರೆ ತೆಗೆದು ಇನ್ನೊಂದು ಇಡಬೇಕು, ಅಂಟಿಸಿದರೆ ಎರಡೂ ಇಲ್ಲ. ಆಮೇಲೆ ನಾನು, ನಮ್ಮನೆಯವರು ಗ್ರಾಫ್ ಹಾಳೆಯಲ್ಲಿ ಬರೆದದ್ದನ್ನೇ ಅವರು ಸರಿ ಮಾಡಿ ಕೊಟ್ಟರು.

ಕೊಟ್ಟಿಗೆಯ ಆರು ಅಡಿ ಕಂಬದ ಅಂತರವನ್ನು ಬಿಡಲಿಲ್ಲ. ಅದನ್ನು ಒಂದು ಖಾನೆ ಅಂತ ಇಟ್ಟುಕೊಂಡು ಎಂಟು ಖಾನೆ ಮಾಡಿದೆವು, ಉದ್ದ 48 ಅಡಿ. ಹಜಾರಕ್ಕೆ ಮೂರು ಖಾನೆ, ಅಡುಗೆ ಮತ್ತು ಊಟಕ್ಕೆ ಎರಡು, ಎರಡು ಬಚ್ಚಲು ಸೇರಿ ಒಂದು, ಮಲಗುವ ಕೋಣೆಗೆ ಎರಡು. ಇನ್ನೊಂದು ಮಲಗುವ ಜಾಗ ಅಟ್ಟದ ಮೇಲೆ. ಅಗಲ 20 ಅಡಿ, ಗೋಡೆ 9 ಅಡಿ, ನೆತ್ತಿ 16 ಅಡಿ, ಇಳಿಜಾರು ಅದೇ 35 ಡಿಗ್ರಿ. ಕಿಟಕಿ ಎಲ್ಲಿ, ಪಕಾಸು (ನೆತ್ತಿಯಿಂದ ಸೂರಿನ ತನಕ ಇಳಿಯುವ ಆಧಾರ) ಎಲ್ಲಿ, ಅಡ್ಡಗೋಡೆ ಎಲ್ಲಿ ಅನ್ನುವುದಕ್ಕೆಲ್ಲ ಆ ಆರು ಅಡಿಯೇ ಉತ್ತರ ಕೊಡುತ್ತಿತ್ತು. ಇದೊಂದು ನಿರ್ಧಾರದಿಂದ ಎಷ್ಟು ತಲೆನೋವು ಕಡಿಮೆ ಆಯಿತು ಅಂದರೆ, ಮೇಸ್ತ್ರಿ ಫೋನ್ ಮಾಡಿ ಕೇಳುವ ಪ್ರಶ್ನೆಗಳೇ ಅರ್ಧ ಆದವು.

ಕೊಟ್ಟಿಗೆಯ ತೊಲೆ 7 ಅಡಿಗೆ ಇದ್ದದ್ದು, ಇಲ್ಲಿ ಗೋಡೆಯನ್ನು 9 ಅಡಿಗೆ ಏರಿಸಿದ್ದು ಒಳಗೆ ಬೆಳಕು ಬರಲಿ, ತಲೆ ಬಗ್ಗಿಸದೆ ಓಡಾಡಲಿ ಅಂತ. ಸೂರು ಮಾತ್ರ ಅಳತೆ ಪುಸ್ತಕದಲ್ಲಿ ಇದ್ದ ಹಾಗೆ 15 ಇಂಚು ಹಾಕಿದೆವು. ನಕ್ಷೆಯಲ್ಲಿ ಅದು ಚೆನ್ನಾಗೂ ಕಾಣುತ್ತಿತ್ತು. ಗಿಡ್ಡ ಸೂರು, ನೀಟಾದ ಅಂಚು.

3. ಕೊಟ್ಟಿಗೆ ಬಿಚ್ಚಿದ್ದು (ಡಿಸೆಂಬರ್ 2022)

ಕೆಡವಲಿಲ್ಲ, ಬಿಚ್ಚಿದೆವು. 22 ಆಳು, ಆಳಿಗೆ 700ರಂತೆ 15,400. ಮೇಲಿಂದ ಕೆಳಗೆ, ಹಾಕಿದ ಕ್ರಮಕ್ಕೆ ಉಲ್ಟಾ. ತೊಲೆಗಳು ಕಂಬದ ಮೇಲೆ ತೂತಿಗೆ ತುದಿ ಕೂರಿಸಿ ಮರದ ಗೂಟ ಹೊಡೆದು ನಿಲ್ಲಿಸಿದ್ದವು. ಗೂಟ ಹಿಂದಿನಿಂದ ತಟ್ಟಿದರೆ ಹೊರಗೆ ಬರುತ್ತಿತ್ತು.

ಹಂಚು: ಒಡೆಯದೆ ಸಿಕ್ಕಿದ್ದು 640. ಕೆಲವದರ ಬೆನ್ನಿಗೆ ಬಾಸೆಲ್ ಮಿಷನ್ ಕಾರ್ಖಾನೆಯ ಅಚ್ಚು, ಜೊತೆಗೆ 1865 ಅಂತ ಇತ್ತು. ಕೆಲಸದವರೆಲ್ಲ ಹಂಚಿಗೆ ನೂರೈವತ್ತು ವರ್ಷ ಅಂತ ಫೋಟೋ ತೆಗೆದುಕೊಂಡರು. ಅದು ಮಂಗಳೂರಿನಲ್ಲಿ ಆ ಕಾರ್ಖಾನೆ ಶುರುವಾದ ವರ್ಷ, ಹಂಚು ಸುಟ್ಟ ವರ್ಷ ಅಲ್ಲ. ಹಾಗಂತ ಹೊಸದೂ ಅಲ್ಲ, ಬೆರಳ ಗೆಣ್ಣಿನಲ್ಲಿ ತಟ್ಟಿದರೆ ಈಗಲೂ ಟಣ್ ಅನ್ನುತ್ತದೆ.

ಕಂಬ: 16ರಲ್ಲಿ 11 ಗಟ್ಟಿ ಇದ್ದವು. ನಂದಿ ಮತ್ತು ಮತ್ತಿ. ಎಲ್ಲದರ ಬುಡವೂ ಗಂಜಲ ಕುಡಿದು ಕುಡಿದು ಕರಗಿತ್ತು. ಉಳಿಯಿಂದ ಚುಚ್ಚಿ ನೋಡಿ, ಗಟ್ಟಿ ಮರ ಸಿಗುವ ತನಕ ಕೊಯ್ದಾಗ 9 ಇಂಚು ಹೋಯಿತು, ಉಳಿದದ್ದು 6 ಅಡಿ 3 ಇಂಚು. ಹೊಸ ಗೋಡೆಗೆ ಅದು ಸಾಲುವುದಿಲ್ಲ. ಅಟ್ಟಕ್ಕೆ ಇಟ್ಟೆವು. ಕಂಬದ ಕೆಳಗೆ 15 ಇಂಚು ಎತ್ತರದ ಕಲ್ಲಿನ ಪೀಠ ಕೊಟ್ಟಾಗ ಸರಿಯಾಗಿ 7 ಅಡಿ 6 ಇಂಚಿಗೆ ಅಟ್ಟ ಬಂತು. ಇನ್ನು ಬುಡ ನೆಲದ ನೀರನ್ನು ಮುಟ್ಟುವುದಿಲ್ಲ.

ತಪ್ಪು: ಮೊಳೆ ನೋಡದೆ ಎರಡು ತೊಲೆಯನ್ನು ಸಾಮಿಲ್ಲಿಗೆ ಕಳಿಸಿದೆವು. ಒಳಗೆ ಕಮ್ಮಾರರು ಮಾಡಿದ ಚೌಕ ಮೊಳೆ ಮುರಿದು ಕೂತಿತ್ತು. ಬ್ಲೇಡು ಹೋಯಿತು, 2,800 ಕೊಟ್ಟೆವು. ಹಳೇ ಮರದ ಮೇಲೆ ಮೊದಲು ಒಂದು ಮ್ಯಾಗ್ನೆಟ್ ಆಡಿಸಿ.

ಇನ್ನೊಂದು: ಮರಕ್ಕೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಹಚ್ಚುವಾಗ ಕೈಗವಸು ಹಾಕಿದ್ದೆ, ಆದರೆ ಮಣಿಕಟ್ಟಿನ ಹತ್ತಿರ ಬಟ್ಟೆ ಸರಿದಿತ್ತು. ಬೊಬ್ಬೆ ಎದ್ದು ಹನ್ನೆರಡು ದಿನ ಪಾತ್ರೆ ತೊಳೆಯಲು ಆಗಲಿಲ್ಲ. ಒರಲೆ (ಗೆದ್ದಲು) ಹತ್ತಿರ ಸುಳಿಯುವುದಿಲ್ಲ, ಅದಕ್ಕೆ ಅದು ಬೇಕು. ಆದರೆ ತೋಳಿಗೆಲ್ಲ ಮೊದಲು ತೆಂಗಿನೆಣ್ಣೆ ಸವರಿಕೊಂಡು, ಉದ್ದ ತೋಳಿನ ಅಂಗಿ ಹಾಕಿ ಮಾಡಿ.

4. ಪಾಯ ಮತ್ತು ಗೋಡೆ (ಜನವರಿಯಿಂದ ಮಾರ್ಚ್ 2023)

ಪಶ್ಚಿಮದ ಗೋಡೆಯನ್ನು ಹಳೇ ಪಾಯದ ಗೆರೆಯ ಮೇಲೇ ಎತ್ತಿದೆವು. ಅಗಲ ಜಾಸ್ತಿ ಮಾಡಿದ್ದು ಪೂರ್ವಕ್ಕೆ. ಕಾಡುಗಲ್ಲಿನ ಪಾಯ, ಅಂಗಳದಿಂದ ಮನೆ ನೆಲ 2 ಅಡಿ ಎತ್ತರ. ಎಲ್ಲಾ ಸೇರಿ 2,10,000.

ಕೆಂಪುಕಲ್ಲು 1,900 ಬೇಕಾಯಿತು. ಒಂದಕ್ಕೆ 42, ಮನೆಗೆ ತಂದು ಇಳಿಸಿದ ರೇಟು, 79,800. ಕಲ್ಲಿನ ಅಳತೆ 15 ಇಂಚು ಉದ್ದ, 9 ಅಗಲ, 7 ಎತ್ತರ ಅಂದಿದ್ದರು. ಎರಡನೇ ಲೋಡಿನ ಕಲ್ಲು ಒಂದೂವರೆ ಇಂಚು ಗಿಡ್ಡ ಬಂತು. ವಾಪಸ್ ಕಳಿಸಬೇಕಿತ್ತು, ಕಳಿಸಲಿಲ್ಲ, ಅವನ್ನು ಒಳಗಿನ ಅಡ್ಡಗೋಡೆಗೆ ಹಾಕಿದೆವು. ಹೊರಗೆ ಗಾರೆ ಮೆತ್ತದೆ ಸಂದಿಗೆ ಮಾತ್ರ ಪಾಯಿಂಟಿಂಗ್. ಹೊಸದಾಗಿ ಕಡಿದ ಕೆಂಪುಕಲ್ಲು ಮೆತ್ತಗಿರುತ್ತದೆ, ಗಾಳಿ ಬಿಸಿಲು ಕಂಡ ಮೇಲೆ ಗಟ್ಟಿ ಆಗುತ್ತದೆ. ಹಾಗಾಗಿ ಕಲ್ಲು ತರಿಸಿ ಒಂದು ತಿಂಗಳು ಬಿಟ್ಟು ಗೋಡೆ ಶುರು ಮಾಡಿದೆವು.

ಕಲ್ಲು ಹಾಗೇ ಕಾಣುವ ಗೋಡೆಗೆ ವೈರಿನ ಪೈಪು ಮೊದಲೇ ಇಡಬೇಕು. ಅಡುಗೆಮನೆಯ ಮಿಕ್ಸಿ ಸ್ವಿಚ್ಚಿನದು ಬಿಟ್ಟುಹೋಯಿತು. ಈಗ ಅಲ್ಲಿ ಪೈಪು ಗೋಡೆಯ ಮೇಲೆ ಇದೆ, ದಿನಾ ಕಣ್ಣಿಗೆ ಬೀಳುತ್ತದೆ.

ಬಚ್ಚಲಿನ ಮೇಲೆ ಮಾತ್ರ 8 ಅಡಿಗೆ ಸ್ಲ್ಯಾಬ್. ಸಾವಿರ ಲೀಟರಿನ ಟ್ಯಾಂಕು ಅದರ ಮೇಲೆ, ಮಾಡಿನ ಒಳಗೆ, ಹೊರಗೆ ಕಾಣುವುದಿಲ್ಲ. ಹಂಚು ಹೊದಿಸುವ ಮೊದಲೇ ಟ್ಯಾಂಕು ಏರಿಸಿದ್ದು ಒಳ್ಳೇದಾಯಿತು. ಆದರೆ ಶವರಿಗೂ ಟ್ಯಾಂಕಿನ ತಳಕ್ಕೂ ಒಂದೇ ಅಡಿ ವ್ಯತ್ಯಾಸ. ನೀರು ಸಣ್ಣಗೆ ಬೀಳುತ್ತಿತ್ತು. ಆಮೇಲೆ 6,500 ಕೊಟ್ಟು ಸಣ್ಣ ಪಂಪು ಕೂರಿಸಿದೆವು.

5. ಮಾಡು (ಏಪ್ರಿಲ್, ಮೇ 2023)

ಪಕಾಸು ಮರದಲ್ಲಿ ಮಾಡುವಷ್ಟು ದುಡ್ಡು ಇರಲಿಲ್ಲ. ಜಿಐ ಪೈಪು (ಸತು ಲೇಪಿಸಿದ ಕಬ್ಬಿಣದ್ದು), 80ಕ್ಕೆ 40 ಮಿಮೀ, 2 ಮಿಮೀ ದಪ್ಪ. ಮೂರು ಅಡಿಗೆ ಒಂದು, ಪಕ್ಕಕ್ಕೆ 19, ಒಟ್ಟು 38. ಒಂದು ಪಕಾಸಿನ ಉದ್ದ 13 ಅಡಿ 9 ಇಂಚು. ಪೈಪು ಬರುವುದು 20 ಅಡಿ. ಕೊಯ್ದು ಮಿಕ್ಕ 6 ಅಡಿ 3 ಇಂಚಿನ ತುಂಡು 38. ಐದನ್ನು ಏಣಿಗೆ ಅಂತ ಎತ್ತಿಟ್ಟು ಉಳಿದ 33 ತುಂಡು, 226 ಕೆಜಿ, ಕೆಜಿಗೆ 32ರಂತೆ ಗುಜರಿಗೆ ಹಾಕಿದೆ. 7,232 ರೂಪಾಯಿ ಬಂತು.

ಹಂಚು ಇನ್ನೂ 1,660 ಬೇಕಿತ್ತು. ತೀರ್ಥಹಳ್ಳಿ ಕಡೆ ಕೆಡವಿದ ಒಂದು ರೈಸ್ ಮಿಲ್ಲಿನದು ಸಿಕ್ಕಿತು, ಒಂದಕ್ಕೆ 12ರಂತೆ 19,920. ಒಂದು ಚದರಕ್ಕೆ (ನೂರು ಚದರ ಅಡಿ) 150 ಹಂಚು ಅನ್ನುವ ಲೆಕ್ಕ ನಮಗೆ ಸರಿಯಾಗಿ ಬಂತು. ತಂತಿ ಬ್ರಷ್ಷಿನಲ್ಲಿ ಪಾಚಿ ಉಜ್ಜಲು ನಾಲ್ಕು ಜನ ಹೆಂಗಸರಿಗೆ ಮೂರು ದಿನ ಹಿಡಿಯಿತು.

ಇಲ್ಲಿ ಎರಡು ತಪ್ಪು. ಮೊದಲನೇದು ರೀಪು, ಹಂಚು ಕೂರಿಸುವ ಅಡ್ಡಪಟ್ಟಿ. ಹಂಚು ಬರುವ ಮೊದಲೇ ವೆಲ್ಡರ್ ಬಂದುಬಿಟ್ಟರು, ಅವರನ್ನು ಕಾಯಿಸುವುದು ಬೇಡ ಅಂತ ಪಶ್ಚಿಮದ ಪಕ್ಕಕ್ಕೆ 12¾ ಇಂಚಿಗೊಂದು ರೀಪು ಹಾಕಿಸಿದೆವು. ಹಂಚು ಬಂದ ಮೇಲೆ ಇಟ್ಟು ನೋಡಿದರೆ ಮೇಲಿನ ಹಂಚು ಕೆಳಗಿನದರ ಗಾಡಿಯಲ್ಲಿ (ಅಂಚಿನ ತೋಡಿನಲ್ಲಿ) ಕೂರುವುದೇ ಇಲ್ಲ. ಸರಿಯಾದ ಅಂತರ 12¼. ಅರ್ಧ ಇಂಚು ಅಷ್ಟೇ, ಆದರೆ ಹದಿನಾಲ್ಕು ಸಾಲನ್ನೂ ಗ್ರೈಂಡರಿನಲ್ಲಿ ಕೊಯ್ದು ಮತ್ತೆ ಹಾಕಬೇಕಾಯಿತು. ಎರಡೂವರೆ ದಿನ, 6,200 ರೂಪಾಯಿ. ಹತ್ತು ಹಂಚು ನೆಲದ ಮೇಲೆ ಒಂದರ ಮೇಲೊಂದು ಜೋಡಿಸಿ, ಎಳೆದು ಬಿಗಿ ಮಾಡಿ, ಒಟ್ಟು ಉದ್ದ ಅಳೆದು ಆಮೇಲೆ ರೀಪು ಹಾಕಬೇಕು.

ಎರಡನೇದು, ಎರಡು ಕಾರ್ಖಾನೆಯ ಹಂಚನ್ನು ಒಂದೇ ಸಾಲಿನಲ್ಲಿ ಬೆರೆಸಿದ್ದು. ಪಕ್ಕದ ಗಾಡಿ ಕೂರದೆ ಬೆರಳು ತೂರುವಷ್ಟು ಸಂದು. ಬಿಚ್ಚಿ, ಕೊಟ್ಟಿಗೆಯ ಹಂಚನ್ನೆಲ್ಲ ಪೂರ್ವದ ಪಕ್ಕದ ಮೇಲಿನ ಎಂಟು ಸಾಲಿಗೆ ಹಾಕಿದೆವು. ಸಾಲಿಗೆ 78ರಂತೆ 624 ಹಿಡಿಸಿತು. ಕೆಳಗಿನ ಸಾಲುಗಳೆಲ್ಲ ಮಿಲ್ಲಿನ ಹಂಚು.

6. ನೆಲ (ಜೂನ್ 2023)

ರೆಡ್ ಆಕ್ಸೈಡ್ ನೆಲ. 3 ಕೆಜಿ ಸಿಮೆಂಟಿಗೆ 1 ಕೆಜಿ ಬಣ್ಣ, ಒಣಗಿಯೇ ಜರಡಿ ಹಿಡಿದು ಬೆರೆಸಿ, ಆಮೇಲೆ ನೀರು. ಹಜಾರ ಚೆನ್ನಾಗಿ ಬಂತು. ಮಲಗುವ ಕೋಣೆಯಲ್ಲಿ ಕೆಳಗಿನ ಕಾಂಕ್ರೀಟು ಹಾಕಿ ಮೂರು ದಿನ ಆಗಿತ್ತು, ಪೂರಾ ಒಣಗಿತ್ತು, ಅದರ ಮೇಲೆ ಬಣ್ಣದ ಪದರ ಎಳೆದರು. ಒಂದು ತಿಂಗಳಿಗೆ ಬಿರುಕು, ಕಾಲಿಟ್ಟರೆ ಟೊಳ್ಳು ಸದ್ದು. ಆ ಕೋಣೆ ಪೂರ್ತಿ ಕಿತ್ತು ಮತ್ತೆ ಮಾಡಿಸಿದೆವು. ಕೆಳಗಿನದು ಹಸಿ ಇರುವಾಗಲೇ, ಅದೇ ದಿನ, ಮೇಲಿನದು ಬೀಳಬೇಕು.

7. ಮೊದಲ ಮಳೆ, ಎರಡನೇ ಮಳೆ

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದ ವರ್ಷ ಅದು. ಜುಲೈನಲ್ಲಿ ಸ್ವಲ್ಪ ದಿನ ಜೋರು ಬಂದು ಆಗಸ್ಟಿನಲ್ಲಿ ಬಿಸಿಲು. ಪಶ್ಚಿಮದ ಗೋಡೆ ಒಳಗಿಂದ ಕೊಂಚ ಕಪ್ಪಾದದ್ದನ್ನು ನೋಡಿದೆ. ಹೊಸ ಗೋಡೆ ಅಲ್ವಾ, ಒಳಗಿನ ಪಸೆ ಆರುತ್ತಿದೆ ಅಂದುಕೊಂಡೆ. ನವರಾತ್ರಿಯಲ್ಲಿ ಮನೆ ಒಕ್ಕಲಾದೆವು.

2024ರ ಜುಲೈ ಬೇರೆ ಥರ. ಮಲೆನಾಡಿನ ಮಳೆ ಅಂದರೆ ಹೇಗಿರಬೇಕೋ ಹಾಗೆ, ಗಾಳಿ ಜೊತೆಗೆ, ಹಗಲು ರಾತ್ರಿ ಬಿಡದೆ. ಇರಚಲು ನೇರ ಗೋಡೆಗೆ ಬಡಿಯುತ್ತಿತ್ತು. ನಾಲ್ಕನೇ ದಿನ ಹಜಾರದ ಪಶ್ಚಿಮದ ಗೋಡೆಗೆ ಒಳಗಿಂದ ಕೈ ಇಟ್ಟರೆ ಅಂಗೈ ಒದ್ದೆ. ನಾನು ಸೀಮೆಸುಣ್ಣ ತಗೊಂಡು ಒದ್ದೆ ಎಲ್ಲಿ ತನಕ ಬಂದಿದೆಯೋ ಅಲ್ಲಿಗೆ ಗೆರೆ ಎಳೆದು ತಾರೀಖು ಬರೆಯುತ್ತಾ ಹೋದೆ. ಜುಲೈ ಕೊನೆಗೆ ಗೆರೆ ನೆಲದಿಂದ 4 ಅಡಿ 2 ಇಂಚಿಗೆ ಬಂತು. ಕಪಾಟಿನ ಹಿಂದಿನ ಹಲಗೆಗೆ ಬೂಷ್ಟು. ಮಗಳ ಪುಸ್ತಕಗಳ ಬೆನ್ನು ಬಿಟ್ಟುಕೊಂಡವು. ಅತ್ತೆಗೆ ಮೊದಲೇ ಕೆಮ್ಮು, ಅವರನ್ನು ಪೂರ್ವದ ಕೋಣೆಗೆ ಕಳಿಸಿದೆವು. ಅಷ್ಟು ಆಸೆಪಟ್ಟು ಕಟ್ಟಿದ ಮನೆಯಲ್ಲಿ ಒಲೆಯ ಕೆಂಡ ತಂದು ಗೋಡೆ ಒಣಗಿಸುತ್ತಾ ಕೂತಾಗ ತುಂಬಾ ಸಂಕಟ ಆಯಿತು.

ಮೊದಲು ಮಾಡಿದ ಮದ್ದು ತಪ್ಪು ಮದ್ದು. ಮಳೆ ಹೊಳವಾದ ಒಂದು ವಾರದಲ್ಲಿ ಹೊರಗಿನ ಗೋಡೆಗೆ ನೀರು ಹಿಡಿಯದ ಪಾರದರ್ಶಕ ಲೇಪ ಹೊಡೆಸಿದೆವು, 14,300 ರೂಪಾಯಿ. ಗೋಡೆ ಒಳಗೆ ಇನ್ನೂ ಒದ್ದೆ ಇತ್ತು. ನೀರು ಹೊರಗೆ ಹೋಗಲು ದಾರಿ ಇಲ್ಲದೆ ಒಳಕ್ಕೇ ಬಂತು. ಸೆಪ್ಟೆಂಬರಿಗೆ ಲೇಪ ಅಲ್ಲಲ್ಲಿ ಬಿಳಿ ಹೊಪ್ಪಳಿಕೆ ಎದ್ದಿತು. ಆ ದುಡ್ಡು ಪೂರ್ತಿ ದಂಡ.

8. ಗುಂಡಿ ಬಿದ್ದ ಕಲ್ಲು (ಅಕ್ಟೋಬರ್ 2024)

ಪಶ್ಚಿಮದ ಗೋಡೆ ಪಕ್ಕ ನೀರು ಹೋಗಲು ಕಾಲುವೆ ತೆಗೆಯೋಣ ಅಂತ ಗುದ್ದಲಿ ಹಾಕಿದೆವು. ಅರ್ಧ ಅಡಿ ಮಣ್ಣಿನ ಕೆಳಗೆ ಕಲ್ಲು ಸಿಕ್ಕಿತು. ಚಪ್ಪಡಿ, ಒಂದರ ಪಕ್ಕ ಒಂದು, ಗೋಡೆಗೆ ಸಮಾನವಾಗಿ ಉದ್ದಕ್ಕೆ. ತೊಳೆದು ನೋಡಿದರೆ ಪ್ರತಿ ಕಲ್ಲಿನ ಮೇಲೂ ಸಣ್ಣ ಸಣ್ಣ ಗುಂಡಿ, ಒಂದೇ ಅಂತರದಲ್ಲಿ, ಒಂದೇ ಗೆರೆಯಲ್ಲಿ. ಹೆಬ್ಬೆರಳು ಇಟ್ಟರೆ ತುದಿ ಸರಿಯಾಗಿ ಕೂರುತ್ತಿತ್ತು. ಸೂರುನೀರು ಬಿದ್ದು ಬಿದ್ದು ಆದ ಗುಂಡಿ.

ಟೇಪು ತಂದು ಗೋಡೆಯಿಂದ ಅಳೆದೆ. 3 ಅಡಿ 6 ಇಂಚು. ನಾಲ್ಕು ಕಡೆ ಅಳೆದೆ, ಅಷ್ಟೇ.

ಕೊಟ್ಟಿಗೆಯ ಸೂರು 15 ಇಂಚು ಇರಲೇ ಇಲ್ಲ. ಮಾವಯ್ಯನಿಗೆ ಕೇಳಿದರೆ, ಪಶ್ಚಿಮದ ಪಕಾಸಿನ ತುದಿ ಒರಲೆ ಹಿಡಿದು ಹೋದ ಮೇಲೆ ಕೊಯ್ದು ಬಿಟ್ಟಿದ್ದರಂತೆ, ದನ ಕಡಿಮೆ ಆಗಿದ್ದವು, ಮತ್ತೆ ಕಟ್ಟಿಸಲಿಲ್ಲ. ಪೂರ್ವದ ಕಡೆ ತಗಡಿನ ಚಪ್ಪರ ಸೇರಿಸಿದ್ದರಿಂದ ಅಲ್ಲಿ ಸೂರಿನ ತುದಿ ಯಾವುದು ಅಂತ ಕಾಣುತ್ತಿರಲಿಲ್ಲ. ನಾನು ಅಳೆದದ್ದು ಮುರಿದ ಮೊಂಡನ್ನು. ಕೊಟ್ಟಿಗೆಯ ಪಶ್ಚಿಮದ ಗೋಡೆಯೇ ಯಾಕೆ ಅಷ್ಟು ಶಿಥಿಲ ಆಗಿತ್ತು ಅಂತ ಆಗ ಒಂದು ಸಲ ಯೋಚಿಸಿದ್ದರೂ ಸಾಕಿತ್ತು. ಮುರಿದ ಕಟ್ಟಡವನ್ನು ಅಳೆಯುವಾಗ ಇರುವುದನ್ನು ಮಾತ್ರ ಬರೆದುಕೊಂಡರೆ ಆಗುವುದಿಲ್ಲ, ಏನು ಹೋಗಿದೆ ಅಂತಲೂ ಹುಡುಕಬೇಕು. ಸೂರು ಎಲ್ಲಿತ್ತು ಅಂತ ನೆಲ ಹೇಳುತ್ತದೆ. ಹಳೇ ಮನೆ ಬಿಚ್ಚುವ ಮೊದಲು ಗೋಡೆ ಸುತ್ತ ಒಂದಡಿ ಮಣ್ಣು ಕೆರೆದು ನೋಡಿ.

ಹಳೇ ಲೆಕ್ಕ ಈಗ ಅರ್ಥ ಆಯಿತು. 7 ಅಡಿ ತೊಲೆ, ಮೂರೂವರೆ ಅಡಿ ಸೂರು, 35 ಡಿಗ್ರಿ ಇಳಿಜಾರು ಅಂದರೆ ಸೂರಿನ ಅಂಚು ನೆಲದಿಂದ ನಾಲ್ಕೂವರೆ ಅಡಿ ಚಿಲ್ಲರೆ. ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಗೋಡೆ ಇದ್ದದ್ದೂ ನಾಲ್ಕು ಅಡಿ. ಇರಚಲಿಗೆ ಮುಟ್ಟಲು ಜಾಗವೇ ಇಲ್ಲ, ಗಾಳಿ ಮಾತ್ರ ಒಳಗೆ ಬರುತ್ತದೆ. ನಾವು ಗೋಡೆ ಏರಿಸಿದೆವು, ಸೂರು ಇಳಿಸಲಿಲ್ಲ.

9. ಸೂರು ಉದ್ದ ಮಾಡಿದ್ದು (ನವೆಂಬರ್ 2024ರಿಂದ ಜನವರಿ 2025)

ಸೂರು 15 ಇಂಚಿನಿಂದ 42 ಇಂಚಿಗೆ ಹೋಗಬೇಕು. ಇಳಿಜಾರಿನ ಮೇಲೆ ಅದು 2 ಅಡಿ 9 ಇಂಚು. ಪಕಾಸಿನ ತುದಿಗೆ ತುಂಡು ಬೆಸೆದು ನೇತುಹಾಕಿದರೆ ಗಾಳಿಗೆ ನಿಲ್ಲುವುದಿಲ್ಲ ಅಂತ ವೆಲ್ಡರ್ ಹೇಳಿದರು, ಸರಿಯಾದ ಮಾತು. ಹಾಗಾಗಿ ಕೆಳಗಿನ ಸಾಲಿನ ಹಂಚು ಬಿಚ್ಚಿ, ಪ್ರತಿ ಪಕಾಸಿನ ಪಕ್ಕಕ್ಕೆ ಅದೇ ಅಳತೆಯ ಹೊಸ ತುಂಡು ಅಂಟಿಸಿ ಇಟ್ಟು, ಗೋಡೆಯಿಂದ ಒಳಕ್ಕೆ ಎರಡು ಅಡಿ ಹೋಗುವ ಹಾಗೆ, ಮೂರು ಮೂರು 12 ಮಿಮೀ ಬೋಲ್ಟು ಹಾಕುವುದು ಅಂತ ಆಯಿತು.

ತುಂಡಿನ ಉದ್ದ ಲೆಕ್ಕ ಹಾಕಿದೆ. ಹೊರಗೆ ಹೊಸದು 2 ಅಡಿ 9, ಹಳೇ ಸೂರಿನ ಪಕ್ಕ 1 ಅಡಿ 6, ಗೋಡೆಯಿಂದ ಒಳಕ್ಕೆ 2 ಅಡಿ. ಒಟ್ಟು 6 ಅಡಿ 3 ಇಂಚು.

ಗುಜರಿಗೆ ಹಾಕಿದ ತುಂಡುಗಳ ಅಳತೆ ಅದೇ. ಲೆಕ್ಕದ ಪುಸ್ತಕ ತಿರುವಿ ಹಾಕಿ ಅದನ್ನು ನೋಡಿದಾಗ ನನಗೆ ಅಳುವೇ ಬಂತು. ಏಣಿ ಮಾಡದೆ ಇಟ್ಟಿದ್ದ ಐದು ತುಂಡು ಇದ್ದವು. ಉಳಿದ 33ಕ್ಕೆ 11 ಹೊಸ ಪೈಪು ಕೊಂಡೆವು. ಅದಕ್ಕಿಂತ ಬೇಜಾರಿನ ವಿಷಯ, ಮೊದಲೇ ಸರಿಯಾಗಿ ಅಳೆದಿದ್ದರೆ ಪಕಾಸಿಗೆ ಬೇಕಾಗುತ್ತಿದ್ದದ್ದು 16 ಅಡಿ 6 ಇಂಚು. ಅದೇ 20 ಅಡಿ ಪೈಪಿನಲ್ಲಿ ಆಗುತ್ತಿತ್ತು. ಪೈಪಿಗೆ ಒಂದು ರೂಪಾಯಿಯೂ ಜಾಸ್ತಿ ಬೀಳುತ್ತಿರಲಿಲ್ಲ.

ಖರ್ಚು ಹೀಗೆ:
ಪೈಪು 11, ಒಂದಕ್ಕೆ 1,890: 20,790
ರೀಪಿನ ಪೈಪು 16, ಒಂದಕ್ಕೆ 600: 9,600
ಹಂಚು 500, ಒಂದಕ್ಕೆ 14: 7,000
ಗಾಜಿನ ಹಂಚು 20, ಒಂದಕ್ಕೆ 180: 3,600
ಬೋಲ್ಟು 114, ಒಂದಕ್ಕೆ 28: 3,192
ವೆಲ್ಡರ್ ಮತ್ತು ಸಹಾಯಕ, 9 ದಿನ: 17,100
ಹಂಚು ಬಿಚ್ಚಿ ಹೊದಿಸಿದ್ದು: 6,000
ಜಿಂಕ್ ಪ್ರೈಮರ್, ಬ್ರಷ್ಷು, ಗ್ರೈಂಡರ್ ವೀಲು: 1,900
ಒಟ್ಟು 69,182.

ಜಿಐ ಪೈಪು ಕೊಯ್ದ ಕಡೆ, ತೂತು ಹೊಡೆದ ಕಡೆ ಸತು ಹೋಗಿರುತ್ತದೆ, ಅಲ್ಲಿಂದಲೇ ತುಕ್ಕು ಶುರು. ಪ್ರತಿಯೊಂದಕ್ಕೂ ಪ್ರೈಮರ್ ಹಚ್ಚಿದ್ದು ನಾನು, ನಮ್ಮನೆಯವರು. ಕೆಲಸದವರ ಮೇಲೆ ಬಿಡಲಿಲ್ಲ.

ಸೂರಿನ ಅಂಚು ಈಗ ಮನೆ ನೆಲದಿಂದ 6 ಅಡಿ 6 ಇಂಚು. ನೋಡಲು ಮೊದಲಿನಷ್ಟು ನೀಟಾಗಿಲ್ಲ ಅಂತ ಕೆಲವರು ಅಂದರು. ನನಗೆ ಈಗಲೇ ಚೆಂದ ಕಾಣುತ್ತದೆ. ಸೂರಿನ ಕೆಳಗೆ ಅಡಿಕೆ ಮೂಟೆ ಇಡಬಹುದು, ಬಟ್ಟೆ ಒಣಗಿಸಬಹುದು, ಮಳೆ ನೋಡುತ್ತಾ ಕೂರಬಹುದು. ಒಳಗೆ ಬೆಳಕು ಕಡಿಮೆ ಆಯಿತು, ಅದು ನಿಜ. ಅದಕ್ಕೇ ಗಾಜಿನ ಹಂಚು. ಮೊದಲು ಇಪ್ಪತ್ತನ್ನೂ ಹಜಾರದ ಮೇಲೆ ಹಾಕಿದೆವು, ಮಾರ್ಚಿನಲ್ಲಿ ಒಳಗೆ ಕಾವು ಏರಿತು. ಎಂಟನ್ನು ತೆಗೆದು ಅಡುಗೆಮನೆಗೆ, ಅಟ್ಟಕ್ಕೆ ಹಂಚಿದೆವು.

10. ದಕ್ಷಿಣದ ಮುಕ್ಕೋನ (ಫೆಬ್ರವರಿ 2025)

ಕೊಟ್ಟಿಗೆಯ ಹಾಗೇ ಮುಕ್ಕೋನದಲ್ಲಿ ಮರದ ಪಟ್ಟಿ ನೆಟ್ಟಗೆ ಹೊಡೆಸಿದ್ದೆವು, ಒಳಗೆ ಸೊಳ್ಳೆ ಜಾಲರಿ. ಬೇಸಿಗೆಗೆ ಬಹಳ ಒಳ್ಳೇದು, ಅಟ್ಟದಲ್ಲಿ ಫ್ಯಾನು ಬೇಡ. ಆದರೆ 2024ರಲ್ಲಿ ದಕ್ಷಿಣದ ಕಡೆಯಿಂದ ಇರಚಲು ಬಂದು ಅಟ್ಟದ ಹಾಸಿಗೆ ಒದ್ದೆ ಆಯಿತು. ಕೊಟ್ಟಿಗೆಯ ದಕ್ಷಿಣಕ್ಕೆ ಅಡಿಕೆ ಸುಲಿಯುವ ಚಪ್ಪರ ಇತ್ತು, ಅದು ಗಾಳಿ ತಡೆಯುತ್ತಿತ್ತು. ಈಗ ಅದಿಲ್ಲ. ಪಟ್ಟಿಗಳನ್ನು ಬಿಚ್ಚಿ ಹೊರಕ್ಕೆ ಇಳಿಜಾರಾಗಿ, ಒಂದರ ಮೇಲೊಂದು ಒಂದು ಇಂಚು ಹಾಯುವ ಹಾಗೆ ಅಡ್ಡಕ್ಕೆ ಹೊಡೆಸಿದೆವು. ಆಚಾರ್ರಿಗೆ ಮೂರು ದಿನ, 4,500. ಮರ ಅದೇ.

11. 2025ರ ಮಳೆ

ಮಳೆ ಮೇ ಕೊನೆಗೇ ಬಂದುಬಿಟ್ಟಿತು. ಹಂಚು ಕೈಯಾಡಿಸಲು ಬರಬೇಕಾದವರು ಬಂದಿರಲಿಲ್ಲ, ಮಂಗ ಕುಣಿದು ಒಡೆದ ಏಳು ಹಂಚನ್ನು ಮಳೆಯಲ್ಲೇ ಬದಲಾಯಿಸಿದೆವು.

ಹಳೇ ಸೀಮೆಸುಣ್ಣದ ಗೆರೆಗಳನ್ನು ಅಳಿಸಿರಲಿಲ್ಲ. ಜೂನ್ 20: ಗೋಡೆ ಒಣ. ಜುಲೈ 5: ಒಣ. ಜುಲೈ 26: ಪಶ್ಚಿಮದ ಬಾಗಿಲ ಎಡಕ್ಕೆ ಮಾತ್ರ ಒದ್ದೆ, ನೆಲದಿಂದ 5 ಇಂಚು. ಬೇರೆ ಎಲ್ಲೂ ಇಲ್ಲ. ಹೋದ ವರ್ಷ 4 ಅಡಿ 2 ಇಂಚು ಇದ್ದದ್ದು.

ಆ 5 ಇಂಚು ಯಾಕೆ ಅಂತ ಗೊತ್ತು. ಕೊಟ್ಟಿಗೆಯ ಸೂರಿನಷ್ಟು ಕೆಳಗೆ ನಮ್ಮದು ಬಂದಿಲ್ಲ, ಜೋರು ಗಾಳಿಗೆ ಬಾಗಿಲ ಹತ್ತಿರ ಇನ್ನೂ ಹೊಡೆಯುತ್ತದೆ. ಸೂರು ಇನ್ನೂ ಇಳಿಸಿದರೆ ತಲೆ ತಾಗುತ್ತದೆ. ಹಾಗಾಗಿ ಬಾಗಿಲ ಎರಡೂ ಪಕ್ಕಕ್ಕೆ ಮೂರು ಮೂರು ಗೂಟ ಹೊಡೆದಿದ್ದೇವೆ, ಕೊಟ್ಟಿಗೆಯಲ್ಲಿ ಇದ್ದ ಹಾಗೇ. ಅಡಿಕೆ ಸೋಗೆ ಒಣಗಿಸಿ ಇಟ್ಟಿದೆ. ಬರುವ ಮೇ ತಿಂಗಳಲ್ಲಿ ತಟ್ಟಿ ಹೆಣೆದು ಕಟ್ಟಬೇಕು, ಎರಡು ಬೇಕಾಗುತ್ತದೆ, ಒಂದೊಂದು 6 ಅಡಿ ಎತ್ತರ, 4 ಅಡಿ ಅಗಲ. ಹೆಣೆಯುವುದನ್ನು ಮಾವಯ್ಯ ಮಗಳಿಗೆ ಹೇಳಿಕೊಡುತ್ತೇನೆ ಅಂದಿದ್ದಾರೆ.